ಆಂಡ್ರೊಮಿಡಾ ಮತ್ತು ಅದರ ನೆರೆಹೊರೆ

ಯಾವ ಉಪಕರಣದ ನೆರವೂ ಇಲ್ಲದೆ ಬರಿಗಣ್ಣಿಗೆ ಸುಲಭವಾಗಿ ಕಾಣುವ ವಸ್ತುಗಳಲ್ಲಿ ಅತ್ಯಂತ ದೂರದ್ದು ಆಂಡ್ರೊಮಿಡಾ ಗೆಲಾಕ್ಸಿ. ಭೂಮಿಯಿಂದ ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷ. ಸೆಕೆಂಡಿಗೆ ಮೂರು ಲಕ್ಷ ಕಿ.ಮೀ. ವೇಗದಲ್ಲಿ ಸಾಗುವ ಬೆಳಕಿಗೂ ಅಲ್ಲಿಂದ ಇಲ್ಲಿಗೆ ಬರಲು 25 ಲಕ್ಷ ವರ್ಷ ಬೇಕಾಗುತ್ತದೆ. ಇಷ್ಟಾದರೂ ಖಗೋಳ ವಿಜ್ಞಾನಿಗಳು ಅದನ್ನು ನೆರೆಯ ಗೆಲಾಕ್ಸಿ ಎಂದೇ ಕರೆಯುತ್ತಾರೆ, ಏಕೆಂದರೆ ನಮ್ಮ ಕ್ಷೀರಪಥಕ್ಕೆ ಸರಿಸಮನಾದ ದೊಡ್ಡ ಸುರುಳಿ ಗೆಲಾಕ್ಸಿಗಳಲ್ಲಿ ಇದಕ್ಕಿಂತ ಹತ್ತಿರದ್ದು ಇನ್ನೊಂದಿಲ್ಲ. ನಕ್ಷತ್ರ, ಅನಿಲ ಮತ್ತು ದೂಳು ಗುರುತ್ವದ ಹಿಡಿತದಲ್ಲಿ ಒಟ್ಟಾಗಿ ಸುತ್ತುವ ಮಹಾವ್ಯವಸ್ಥೆಗೆ ಗೆಲಾಕ್ಸಿ ಎಂದು ಹೆಸರು. ಅದರ ತೆಳುವಾದ ಬಿಲ್ಲೆಯಲ್ಲಿ ಎಳೆಯ ನಕ್ಷತ್ರಗಳು ಬಾಗಿದ ಬಾಹುಗಳ ಉದ್ದಕ್ಕೂ ಹರಡಿಕೊಂಡಿದ್ದರೆ ಅದು ಸುರುಳಿ ಗೆಲಾಕ್ಸಿ. ಆಂಡ್ರೊಮಿಡಾದ ಬಿಲ್ಲೆಯ ವ್ಯಾಸ ಸುಮಾರು ಎರಡು ಲಕ್ಷ ಜ್ಯೋತಿರ್ವರ್ಷವೆಂದೂ ಅದರಲ್ಲಿರುವ ನಕ್ಷತ್ರಗಳ ಸಂಖ್ಯೆ ಒಂದು ಲಕ್ಷ ಕೋಟಿಯಷ್ಟೆಂದೂ ಅಂದಾಜು. ಫ್ರೆಂಚ್ ವೀಕ್ಷಕ ಶಾರ್ಲ್ ಮೆಸ್ಸಿಯೆ 1764ರಲ್ಲಿ ತನ್ನ ಪಟ್ಟಿಯಲ್ಲಿ ಇದಕ್ಕೆ 31ನೆಯ ಸ್ಥಾನ ಕೊಟ್ಟದ್ದರಿಂದ ಎಂ31 ಎಂಬ ಹೆಸರೂ ಬಳಕೆಯಲ್ಲಿದೆ. ಈ ಗೆಲಾಕ್ಸಿಯ ಕುರಿತು ಇಂದು ತಿಳಿದಿರುವ ಬಹುಪಾಲು ಸಂಗತಿಗಳು ಅದೊಂದನ್ನೇ ದಿಟ್ಟಿಸಿ ನೋಡಿದ್ದರಿಂದಲ್ಲ, ಅದರ ಸುತ್ತಮುತ್ತಲಿರುವುದನ್ನೂ ಸೇರಿಸಿ ನೋಡಿದ್ದರಿಂದ ದೊರೆತವು.

ಕರ್ನಾಟಕದ ವೀಕ್ಷಕರಿಗೆ ಈ ಗೆಲಾಕ್ಸಿ ಅಕ್ಟೋಬರಿನಿಂದ ಜನವರಿಯವರೆಗಿನ ಸಂಜೆಗಳಲ್ಲಿ ಉತ್ತರ ದಿಕ್ಕಿನ ಆಕಾಶದಲ್ಲಿ ಎತ್ತರದಲ್ಲಿ ಸಿಗುತ್ತದೆ. ನವೆಂಬರ್ ಮಧ್ಯದಲ್ಲಿ ರಾತ್ರಿ ಒಂಬತ್ತೂವರೆಯ ಹೊತ್ತಿಗೆ ಅದು ತನ್ನ ದಾರಿಯ ಅತ್ಯುನ್ನತ ಬಿಂದುವಿಗೆ ಬರುತ್ತದೆ. ಆಗ ಬೆಂಗಳೂರಿನಲ್ಲಿ ಕ್ಷಿತಿಜದಿಂದ ಸುಮಾರು 62 ಡಿಗ್ರಿ, ಬೀದರಿನಲ್ಲಿ ಸುಮಾರು 67 ಡಿಗ್ರಿ ಎತ್ತರದಲ್ಲಿರುತ್ತದೆ. ಗುರುತಿಸಲು ಪೆಗಸಸ್ ಪುಂಜದ ದೊಡ್ಡ ಚೌಕವೇ ಒಳ್ಳೆಯ ಆಧಾರ. ಚೌಕದ ಪೂರ್ವ ಬದಿಯ ಎರಡು ನಕ್ಷತ್ರಗಳು ಸೇರಿ ಪಂಚಾಂಗದ ಉತ್ತರಾಭಾದ್ರಾ ನಕ್ಷತ್ರವಾಗುತ್ತವೆ. ಅವುಗಳಲ್ಲಿ ಉತ್ತರದ್ದಾದ ಆಲ್ಫೆರಾಟ್ಸ್ ಆಂಡ್ರೊಮಿಡಾ ಪುಂಜಕ್ಕೆ ಸೇರಿದ್ದು. ಅಲ್ಲಿಂದ ಈಶಾನ್ಯಕ್ಕೆ ಸಾಗಿ ಮಿರಾಕ್ ಎಂಬ ಕೆಂಪುಛಾಯೆಯ ನಕ್ಷತ್ರವನ್ನು ಮುಟ್ಟಿ, ನೆಟ್ಟಗೆ ಕ್ಯಾಸಿಯೋಪಿಯ ಪುಂಜದ ಕಡೆಗೆ ಹೊರಳಿ ಎರಡು ಮಂಕಾದ ನಕ್ಷತ್ರಗಳನ್ನು ಎಣಿಸಿದರೆ, ಎರಡನೆಯದರ ಪಕ್ಕದಲ್ಲೇ ಅಂಚು ಸ್ಪಷ್ಟವಿಲ್ಲದ ಬೂದುಬಣ್ಣದ ಒಂದು ಕಲೆ ಕಾಣಿಸುತ್ತದೆ. ಅದೇ ಆಂಡ್ರೊಮಿಡಾ.

ಪತ್ರಿಕೆಗಳಲ್ಲಿ ಅಚ್ಚಾಗುವ ಬಣ್ಣಬಣ್ಣದ ಚಿತ್ರಗಳನ್ನು ಕಂಡು ಮೊದಲ ಬಾರಿ ದೂರದರ್ಶಕಕ್ಕೆ ಕಣ್ಣಿಟ್ಟವರು ಆ ಕಲೆಯನ್ನು ನೋಡಿ ನಿರಾಶರಾಗುವುದುಂಟು, ಆದರೆ ಆ ನಿರಾಶೆಗೆ ಕಾರಣ ಗೆಲಾಕ್ಸಿಯಲ್ಲ, ಕಣ್ಣಿನ ರಚನೆ. ನಕ್ಷತ್ರದ ಹೊಳಪನ್ನು ಸೂಚಿಸುವ ಅಂಕಿಗೆ ಕಾಂತಿಮಾನ ಎನ್ನುತ್ತಾರೆ. ಅಂಕಿ ಕಡಿಮೆಯಾದಷ್ಟೂ ಹೊಳಪು ಹೆಚ್ಚು. ಆಂಡ್ರೊಮಿಡಾದ ಒಟ್ಟು ಕಾಂತಿಮಾನ 3.4 ಎಂದು ಕೋಷ್ಟಕಗಳಲ್ಲಿ ಇರುವುದರಿಂದ ಅದು ಸಾಧಾರಣ ಹೊಳಪಿನ ನಕ್ಷತ್ರದಂತೆ ಕಾಣಬೇಕೆಂದು ಅನ್ನಿಸುವುದು ಸಹಜ. ಆದರೆ ಆ ಬೆಳಕೆಲ್ಲ ಒಂದು ಬಿಂದುವಿನಲ್ಲಿಲ್ಲ. ಮೂರು ಡಿಗ್ರಿ ಉದ್ದ, ಒಂದು ಡಿಗ್ರಿ ಅಗಲದ ಜಾಗದಲ್ಲಿ, ಅಂದರೆ ಆರು ಹುಣ್ಣಿಮೆ ಚಂದ್ರರನ್ನು ಸಾಲಾಗಿ ಇಟ್ಟಷ್ಟು ಉದ್ದಕ್ಕೆ, ತೆಳ್ಳಗೆ ಹರಡಿಹೋಗಿದೆ. ಹೀಗೆ ಪ್ರತಿ ಚದರ ಅಳತೆಗೆ ದಕ್ಕುವ ಬೆಳಕಿನ ಪಾಲನ್ನು ಮೇಲ್ಮೈ ಹೊಳಪು ಎನ್ನಬಹುದು. ಕೇಂದ್ರಭಾಗದ ಮೇಲ್ಮೈ ಹೊಳಪು ಮಾತ್ರ ಆಕಾಶದ ಹಿನ್ನೆಲೆ ಬೆಳಕನ್ನು ಮೀರುವುದರಿಂದ ಬರಿಗಣ್ಣಿಗೆ ನಡುವಿನ ತಿರುಳಷ್ಟೇ ಸಿಕ್ಕುತ್ತದೆ, ಬಿಲ್ಲೆಯ ಹೆಚ್ಚಿನ ಭಾಗ ಕೈತಪ್ಪಿಹೋಗುತ್ತದೆ. ಕ್ಯಾಮೆರಾ ಗಂಟೆಗಟ್ಟಲೆ ಬೆಳಕನ್ನು ಕೂಡಿಸಿಕೊಳ್ಳುತ್ತದೆ. ಕಣ್ಣಿಗೆ ಆ ಶಕ್ತಿಯಿಲ್ಲ.

ಇದೇ ಕಾರಣಕ್ಕೆ ವರ್ಧನೆ ಹೆಚ್ಚಿಸಿ ಫಲವಿಲ್ಲ. ದೂರದರ್ಶಕ ವಸ್ತುವನ್ನು ದೊಡ್ಡದಾಗಿ ತೋರಿಸಿದಷ್ಟೂ ಅದೇ ಬೆಳಕು ಇನ್ನೂ ವಿಶಾಲವಾಗಿ ಹರಡುತ್ತದೆ, ನೋಟದ ವ್ಯಾಪ್ತಿಯೂ ಕಿರಿದಾಗುತ್ತದೆ. ಹತ್ತು ಪಟ್ಟು ವರ್ಧನೆಯ, 50 ಮಿ.ಮೀ. ಮಸೂರದ ಸಾಮಾನ್ಯ ಬೈನಾಕ್ಯುಲರ್ ಆರು ಡಿಗ್ರಿಯಷ್ಟು ಆಕಾಶವನ್ನು ಒಟ್ಟಿಗೇ ತೋರಿಸುವುದರಿಂದ ಇಡೀ ಗೆಲಾಕ್ಸಿಯೂ ಅದರ ಅಂಚಿನಾಚೆಯ ಕತ್ತಲೆಯೂ ಏಕಕಾಲಕ್ಕೆ ಕಣ್ಣಿಗೆ ಬಿದ್ದು, ಎಲ್ಲಿ ಬೆಳಕು ಮುಗಿದು ಎಲ್ಲಿ ಕತ್ತಲು ತೊಡಗುತ್ತದೆ ಎಂಬ ವ್ಯತ್ಯಾಸ ಮನವರಿಕೆಯಾಗುತ್ತದೆ. ಅರ್ಧ ಗಂಟೆ ಕತ್ತಲಲ್ಲಿದ್ದು ಕಣ್ಣು ಪಳಗಿದ ಮೇಲೆ, ವಸ್ತುವನ್ನು ನೇರವಾಗಿ ನೋಡದೆ ಸ್ವಲ್ಪ ಪಕ್ಕಕ್ಕೆ ದೃಷ್ಟಿಯಿಟ್ಟರೆ ಅಕ್ಷಿಪಟದ ಹೊರಭಾಗದ ಸೂಕ್ಷ್ಮ ಕೋಶಗಳು ಕೆಲಸಕ್ಕೆ ಬರುತ್ತವೆ, ಕಲೆ ಉದ್ದವಾಗುತ್ತ ಹೋಗುತ್ತದೆ. ಅನುಭವಿ ವೀಕ್ಷಕರು ಆಂಡ್ರೊಮಿಡಾಕ್ಕೆ ಮೊದಲು ಬೈನಾಕ್ಯುಲರನ್ನೇ ಶಿಫಾರಸು ಮಾಡುವುದರಲ್ಲಿ ಅರ್ಥವಿದೆ.

ಸಾಧಾರಣ ದೂರದರ್ಶಕದಲ್ಲಿ ಕಾಣುವ ನೆರೆಹೊರೆಯಲ್ಲಿ ಮೊದಲು ಗಮನ ಸೆಳೆಯುವವು ಎರಡು ಉಪಗ್ರಹ ಗೆಲಾಕ್ಸಿಗಳು, ಅಂದರೆ ದೊಡ್ಡ ಗೆಲಾಕ್ಸಿಯ ಗುರುತ್ವಕ್ಕೆ ಸಿಕ್ಕಿ ಅದರ ಸುತ್ತ ಚಲಿಸುವ ಚಿಕ್ಕ ಗೆಲಾಕ್ಸಿಗಳು. ಕೇಂದ್ರದ ದಕ್ಷಿಣಕ್ಕೆ ಇರುವ ಎಂ32 ಸ್ವಲ್ಪ ಊದಿಕೊಂಡ ನಕ್ಷತ್ರದಂತೆ ಗಟ್ಟಿಯಾಗಿ ಹೊಳೆಯುತ್ತದೆ. ಇನ್ನೊಂದು ಬದಿಯ ಎಂ110 ಉದ್ದವಾದ, ಮಸುಕಾದ ಪಟ್ಟಿ. ಒಟ್ಟು ಬೆಳಕಿನಲ್ಲಿ ಇವೆರಡಕ್ಕೂ ಹೆಚ್ಚಿನ ಅಂತರವಿಲ್ಲ, ಆದರೆ ಮೊದಲನೆಯದು ತನ್ನ ಬೆಳಕನ್ನು ಚಿಕ್ಕ ಜಾಗದಲ್ಲಿ ಹಿಡಿದಿಟ್ಟುಕೊಂಡಿರುವುದರಿಂದ ಪಟ್ಟನೆ ಕಾಣುತ್ತದೆ, ಎರಡನೆಯದನ್ನು ಹುಡುಕಬೇಕಾಗುತ್ತದೆ. ಮೇಲ್ಮೈ ಹೊಳಪು ಎಂದರೇನೆಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪಾಠ ಆಕಾಶದಲ್ಲಿ ಸಿಗದು. ಎಂ32 ಅನ್ನು 1749ರಲ್ಲಿ ಗೀಯೋಮ್ ಲ ಜಾಂಟಿ ಗುರುತಿಸಿದ. ಎಂ110 ಅನ್ನು 1773ರಲ್ಲಿ ಮೆಸ್ಸಿಯೆ ಕಂಡಿದ್ದನಾದರೂ ಪಟ್ಟಿಗೆ ಸೇರಿಸಲಿಲ್ಲ, ಹತ್ತು ವರ್ಷಗಳ ಬಳಿಕ ಕ್ಯಾರೊಲಿನ್ ಹರ್ಷೆಲ್ ಅದನ್ನು ಸ್ವತಂತ್ರವಾಗಿ ಪತ್ತೆಮಾಡಿದಳು, ಅದಕ್ಕೆ ಈಗಿನ ಸಂಖ್ಯೆ ದೊರೆತದ್ದು ಇಪ್ಪತ್ತನೆಯ ಶತಮಾನದಲ್ಲಿ.

ಒಳ್ಳೆಯ ಕತ್ತಲಿದ್ದು ದೂರದರ್ಶಕದ ಕನ್ನಡಿ ಎಂಟು ಹತ್ತು ಅಂಗುಲದ್ದಾದರೆ ಗೆಲಾಕ್ಸಿಯ ವಾಯವ್ಯ ಬದಿಯಲ್ಲಿ ದೂಳಿನ ಕಪ್ಪು ಪಟ್ಟಿಗಳು, ನೈರುತ್ಯ ತುದಿಯ ಹತ್ತಿರ ಎನ್‌ಜಿಸಿ 206 ಎಂಬ ಎಳೆಯ ನಕ್ಷತ್ರಗಳ ಮೋಡ ಗೋಚರಿಸುತ್ತವೆ. ಬಹಳ ತಾಳ್ಮೆಯುಳ್ಳವರು ಬಿಲ್ಲೆಯಿಂದ ದೂರದಲ್ಲಿರುವ ಜಿ1 ಎಂಬ ಗೋಳಾಕಾರದ ನಕ್ಷತ್ರಗುಚ್ಛವನ್ನೂ ಒಂದು ಮಂಕು ಚುಕ್ಕೆಯಾಗಿ ಹಿಡಿಯಬಲ್ಲರು; ಲಕ್ಷಾಂತರ ಹಳೆಯ ನಕ್ಷತ್ರಗಳು ಚೆಂಡಿನಾಕಾರದಲ್ಲಿ ಒತ್ತೊತ್ತಾಗಿ ಸೇರಿರುವ ಇಂಥ ಗುಚ್ಛಗಳು ಆಂಡ್ರೊಮಿಡಾದ ಸುತ್ತ ನಾನ್ನೂರಕ್ಕೂ ಹೆಚ್ಚಿವೆ. ಚಿತ್ರಗಳಲ್ಲಿ ಗೆಲಾಕ್ಸಿಯ ಮೇಲೆ ಚೆಲ್ಲಿದಂತೆ ಕಾಣುವ ಬಿಡಿ ನಕ್ಷತ್ರಗಳು ಮಾತ್ರ ಬಹುಪಾಲು ನಮ್ಮ ಕ್ಷೀರಪಥದವೇ; ಆಂಡ್ರೊಮಿಡಾವನ್ನು ನಾವು ನೋಡುವುದು ನಮ್ಮದೇ ಮನೆಯ ಮುಂದಿನ ನಕ್ಷತ್ರಗಳ ನಡುವಿನಿಂದ. ಅದರ ಬಿಲ್ಲೆ ನಮ್ಮ ದೃಷ್ಟಿರೇಖೆಗೆ ಬಹಳ ಓರೆಯಾಗಿ, ಅಂಚಿನಿಂದ ಕೇವಲ 13 ಡಿಗ್ರಿಯಷ್ಟು ವಾಲಿಕೊಂಡಿದೆ. ಹೀಗಾಗಿ ಅದರ ಹತ್ತಿರದ ಅಂಚಿಗೂ ದೂರದ ಅಂಚಿಗೂ ಒಂದು ಲಕ್ಷ ಜ್ಯೋತಿರ್ವರ್ಷಕ್ಕಿಂತ ಹೆಚ್ಚಿನ ಅಂತರವಿದ್ದು, ಒಂದೇ ಕ್ಷಣದಲ್ಲಿ ಕಣ್ಣು ಸೇರುವ ಬೆಳಕಿನ ಒಂದು ಪಾಲು ಇನ್ನೊಂದಕ್ಕಿಂತ ಅಷ್ಟು ವರ್ಷ ಹಳೆಯದಾಗಿರುತ್ತದೆ.

ಈ ಕಲೆಯ ಅತಿ ಹಳೆಯ ಲಿಖಿತ ಉಲ್ಲೇಖ ಪರ್ಷಿಯದ ಅಲ್ ಸೂಫಿ 964ರಲ್ಲಿ ರಚಿಸಿದ ಸ್ಥಿರ ನಕ್ಷತ್ರಗಳ ಗ್ರಂಥದಲ್ಲಿದೆ. 1612ರಲ್ಲಿ ಜರ್ಮನಿಯ ಸಿಮೋನ್ ಮಾರಿಯುಸ್ ಅದನ್ನು ದೂರದರ್ಶಕದಲ್ಲಿ ನೋಡಿದ. ಆಮೇಲೆ ಮೂರು ಶತಮಾನಗಳ ಕಾಲ ಅದು ನೀಹಾರಿಕೆ, ಅಂದರೆ ಅನಿಲದ ಮೋಡ, ಎಂಬ ಹೆಸರಿನಲ್ಲೇ ಉಳಿಯಿತು. 1864ರಲ್ಲಿ ವಿಲಿಯಂ ಹಗ್ಗಿನ್ಸ್ ಅದರ ರೋಹಿತವನ್ನು, ಎಂದರೆ ಬೆಳಕನ್ನು ಬಣ್ಣಗಳಾಗಿ ಬಿಡಿಸಿದ ಪಟ್ಟಿಯನ್ನು, ಪರೀಕ್ಷಿಸಿ ಅದು ಅನಿಲದ ಮೋಡಗಳ ರೋಹಿತದಂತಿಲ್ಲವೆಂದು ಕಂಡುಕೊಂಡ. 1885ರ ಆಗಸ್ಟಿನಲ್ಲಿ ಅದರ ಕೇಂದ್ರದ ಬಳಿ ಹೊಸ ನಕ್ಷತ್ರವೊಂದು ಹೆಚ್ಚುಕಡಿಮೆ ಬರಿಗಣ್ಣಿನ ಮಿತಿಯವರೆಗೆ ಬೆಳಗಿ ಆರಿಹೋಯಿತು. ಅದು ಸೂಪರ್‌ನೋವಾ, ನಕ್ಷತ್ರವೊಂದು ಪೂರ್ತಿಯಾಗಿ ಸಿಡಿಯುವ ಘಟನೆ, ಎಂಬ ಕಲ್ಪನೆಯೇ ಅಂದು ಇರಲಿಲ್ಲವಾದ್ದರಿಂದ, ಇಷ್ಟು ಹೊಳೆಯುವ ನಕ್ಷತ್ರವಿರುವ ವಸ್ತು ಹತ್ತಿರದ್ದೇ ಇರಬೇಕೆಂಬ ತಪ್ಪು ತೀರ್ಮಾನಕ್ಕೆ ಅದು ಬಲಕೊಟ್ಟಿತು. 1888ರಲ್ಲಿ ಐಸಾಕ್ ರಾಬರ್ಟ್ಸ್ ತೆಗೆದ ದೀರ್ಘ ಒಡ್ಡಿಕೆಯ ಛಾಯಾಚಿತ್ರದಲ್ಲಿ ಸುರುಳಿ ರಚನೆ ಕಂಡಾಗಲೂ ಅನೇಕರು ಅದನ್ನು ಹುಟ್ಟುತ್ತಿರುವ ಸೌರಮಂಡಲವೆಂದೇ ಭಾವಿಸಿದರು. 1912ರಲ್ಲಿ ಅಮೆರಿಕದ ಲೋವೆಲ್ ವೀಕ್ಷಣಾಲಯದಲ್ಲಿ ವೆಸ್ಟೊ ಸ್ಲೈಫರ್ ಅದು ಸೆಕೆಂಡಿಗೆ ಸುಮಾರು 300 ಕಿ.ಮೀ. ವೇಗದಲ್ಲಿ ನಮ್ಮತ್ತ ಬರುತ್ತಿದೆಯೆಂದು ಅಳೆದ.

ದೂರದ ಪ್ರಶ್ನೆ ಬಗೆಹರಿದದ್ದು ಒಂದು ಮಿಡಿಯುವ ನಕ್ಷತ್ರದಿಂದ. ನಿಯತ ಅವಧಿಯಲ್ಲಿ ಉಬ್ಬಿ ಕುಗ್ಗಿ, ಹೊಳೆದು ಮಂಕಾಗುವ ನಕ್ಷತ್ರಗಳಲ್ಲಿ ಸೆಫೀಡ್ ಎಂಬ ಬಗೆಯೊಂದಿದೆ. ಅವುಗಳ ಮಿಡಿತದ ಅವಧಿ ದೀರ್ಘವಾದಷ್ಟೂ ನೈಜ ಹೊಳಪು ಹೆಚ್ಚೆಂಬ ನಿಯಮವನ್ನು ಹಾರ್ವರ್ಡ್ ವೀಕ್ಷಣಾಲಯದ ಹೆನ್ರಿಯೆಟಾ ಲೆವಿಟ್ 1912ರಲ್ಲಿ ಖಚಿತವಾಗಿ ನಿರೂಪಿಸಿದ್ದಳು. ಲಾಸ್ ಏಂಜಲೀಸ್ ಬಳಿಯ ಮೌಂಟ್ ವಿಲ್ಸನ್ ವೀಕ್ಷಣಾಲಯದ 100 ಅಂಗುಲದ ದೂರದರ್ಶಕದಲ್ಲಿ 1923ರ ಅಕ್ಟೋಬರಿನಲ್ಲಿ ಎಡ್ವಿನ್ ಹಬಲ್ ತೆಗೆದ ಒಂದು ಫೋಟೊ ಫಲಕದಲ್ಲಿ, ಮೊದಲು ನವ್ಯ, ಅಂದರೆ ಹಠಾತ್ತನೆ ಹೊಳೆದು ಆರುವ ನಕ್ಷತ್ರ, ಎಂದು ಗುರುತು ಹಾಕಿದ್ದ ಚುಕ್ಕೆಯೊಂದು ಸೆಫೀಡ್ ಎಂದು ತಿಳಿದುಬಂತು. ಅದರ ಅವಧಿ 31.4 ದಿನ. ಅವಧಿಯಿಂದ ನೈಜ ಹೊಳಪನ್ನೂ, ಅದನ್ನು ತೋರಿಕೆಯ ಹೊಳಪಿಗೆ ಹೋಲಿಸಿ ದೂರವನ್ನೂ ಲೆಕ್ಕಹಾಕಿದಾಗ ಸುಮಾರು 9 ಲಕ್ಷ ಜ್ಯೋತಿರ್ವರ್ಷವೆಂದು ಬಂತು. ಕ್ಷೀರಪಥದ ಎಲ್ಲೆಯನ್ನು ಮೀರಿದ ದೂರವದು. 1925ರ ಜನವರಿ 1ರಂದು ವಾಷಿಂಗ್ಟನ್ನಿನ ಸಮ್ಮೇಳನದಲ್ಲಿ ಈ ಫಲಿತಾಂಶವನ್ನು ಓದಲಾಯಿತು, ವಿಶ್ವವೆಂದರೆ ಕ್ಷೀರಪಥವೊಂದೇ ಎಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಹಬಲನ ಅಂಕಿ ನಿಜವಾದ ದೂರದ ಅರ್ಧಕ್ಕೂ ಕಡಿಮೆ. ಆ ದೋಷವನ್ನು ತಿದ್ದುವ ದಾರಿ ತೆರೆದದ್ದು ಮತ್ತೆ ಆಂಡ್ರೊಮಿಡಾದ ನೆರೆಹೊರೆಯೇ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಲಾಸ್ ಏಂಜಲೀಸ್ ನಗರದ ದೀಪಗಳನ್ನು ಆರಿಸಿದ್ದಾಗ, ಜರ್ಮನ್ ಪ್ರಜೆಯಾದ್ದರಿಂದ ಯುದ್ಧಕಾರ್ಯಕ್ಕೆ ಸೇರದೆ ಉಳಿದಿದ್ದ ವಾಲ್ಟರ್ ಬಾಡೆ ಅದೇ ಮೌಂಟ್ ವಿಲ್ಸನ್ನಿನಿಂದ ಆಂಡ್ರೊಮಿಡಾದ ಕೇಂದ್ರವನ್ನೂ ಎಂ32 ಮತ್ತು ಎಂ110ನ್ನೂ ಮೊದಲ ಬಾರಿಗೆ ಬಿಡಿ ನಕ್ಷತ್ರಗಳಾಗಿ ಬಿಡಿಸಿ ನೋಡಿದ. ಬಾಹುಗಳಲ್ಲಿ ಎಳೆಯ ನೀಲಿ ನಕ್ಷತ್ರಗಳು, ಕೇಂದ್ರದಲ್ಲಿಯೂ ಉಪಗ್ರಹ ಗೆಲಾಕ್ಸಿಗಳಲ್ಲಿಯೂ ಮುದಿ ಕೆಂಪು ನಕ್ಷತ್ರಗಳು ಎಂದು 1944ರಲ್ಲಿ ಅವನು ಎರಡು ಸಮುದಾಯಗಳನ್ನು ಬೇರ್ಪಡಿಸಿದ. ಸೆಫೀಡುಗಳಲ್ಲೂ ಎರಡು ಬಗೆಯಿವೆಯೆಂದು 1952ರಲ್ಲಿ ಅವನು ತೋರಿಸಿದಾಗ ಗೆಲಾಕ್ಸಿಗಳ ಅಂದಿನ ದೂರಗಳೆಲ್ಲ ಇಮ್ಮಡಿಯಾದವು. ನಗರವೊಂದು ಕತ್ತಲಾದದ್ದರಿಂದ ಖಗೋಳ ವಿಜ್ಞಾನ ಇಷ್ಟು ಮುಂದೆ ಹೋದ ಇನ್ನೊಂದು ನಿದರ್ಶನ ಸಿಗುವುದು ಕಷ್ಟ.

1970ರಲ್ಲಿ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾದ ಬಿಲ್ಲೆಯಲ್ಲಿ ಕೇಂದ್ರದಿಂದ ಬೇರೆಬೇರೆ ದೂರದಲ್ಲಿರುವ 67 ಹೊಳೆಯುವ ಅನಿಲಮೋಡಗಳ ವೇಗವನ್ನು ಅಳೆದು ಪ್ರಕಟಿಸಿದರು. ಸೂರ್ಯನಿಂದ ದೂರ ಹೋದಂತೆ ಗ್ರಹಗಳ ವೇಗ ತಗ್ಗುತ್ತದೆ. ಇಲ್ಲಿಯೂ ಬೆಳಕು ಕ್ಷೀಣಿಸುವ ಹೊರ ಅಂಚಿನಲ್ಲಿ ವೇಗ ಹಾಗೆಯೇ ತಗ್ಗಬೇಕಿತ್ತು, ಆದರೆ ತಗ್ಗಲಿಲ್ಲ. ಮುಂದೆ ಬೇರೆ ಗೆಲಾಕ್ಸಿಗಳಲ್ಲೂ ಇದೇ ಕಂಡುಬಂದು, ಬೆಳಕು ಸೂಸದ ಅಪಾರ ದ್ರವ್ಯವೊಂದು ಗೆಲಾಕ್ಸಿಗಳನ್ನು ಆವರಿಸಿದೆಯೆಂಬ ತೀರ್ಮಾನಕ್ಕೆ ಅದು ದೃಢವಾದ ಆಧಾರವಾಯಿತು. ಆ ಕಪ್ಪುದ್ರವ್ಯ ಏನೆಂಬುದು ಇಂದಿಗೂ ಬಗೆಹರಿದಿಲ್ಲ.

ಕಣ್ಣಿಗೆ ಕಾಣುವ ಬಿಲ್ಲೆಯಾಚೆ ಹುಡುಕಿದಷ್ಟೂ ಆಂಡ್ರೊಮಿಡಾ ದೊಡ್ಡದಾಗುತ್ತಲೇ ಹೋಗಿದೆ. ಕೆನರಿ ದ್ವೀಪಗಳ ಐಸಾಕ್ ನ್ಯೂಟನ್ ದೂರದರ್ಶಕದಿಂದ ನಡೆಸಿದ ಸಮೀಕ್ಷೆ 2001ರಲ್ಲಿ ಬಿಲ್ಲೆಯಿಂದ ದಕ್ಷಿಣಕ್ಕೆ ಚಾಚಿದ ನಕ್ಷತ್ರಗಳ ದೈತ್ಯ ಪ್ರವಾಹವೊಂದನ್ನು ಹೊರಗೆಡಹಿತು. ಆಂಡ್ರೊಮಿಡಾದ ಗುರುತ್ವಕ್ಕೆ ಸಿಕ್ಕಿ ಹರಿದುಹೋದ ಇನ್ನೊಂದು ಗೆಲಾಕ್ಸಿಯ ಅವಶೇಷವದು. ಹವಾಯಿಯಲ್ಲಿರುವ ಕೆನಡಾ-ಫ್ರಾನ್ಸ್ ದೂರದರ್ಶಕದಿಂದ ನಡೆದ ವಿಸ್ತಾರವಾದ ಸಮೀಕ್ಷೆಯಲ್ಲಿ ಇಂಥ ಇನ್ನಷ್ಟು ಎಳೆಗಳೂ ಅತಿ ಮಂಕಾದ ಹಲವು ಕುಬ್ಜ ಗೆಲಾಕ್ಸಿಗಳೂ ಸಿಕ್ಕಿವೆ. 2013ರಲ್ಲಿ ವಿಶ್ಲೇಷಿಸಿದ 27 ಉಪಗ್ರಹ ಗೆಲಾಕ್ಸಿಗಳಲ್ಲಿ ಸುಮಾರು ಅರ್ಧದಷ್ಟು ಒಂದೇ ತೆಳುವಾದ ಸಮತಲದಲ್ಲಿ ಸಾಲುಗೂಡಿದ್ದವು. ಗೆಲಾಕ್ಸಿಗಳ ಹುಟ್ಟನ್ನು ವಿವರಿಸುವ ಈಗಿನ ಸಿದ್ಧಾಂತಕ್ಕೆ ಈ ಶಿಸ್ತು ಸುಲಭವಾಗಿ ಒಗ್ಗುವುದಿಲ್ಲ. ಭಾರತೀಯ ಮೂಲದ ರಿಚರ್ಡ್ ಡಿಸೋಜಾ ಮತ್ತು ಎರಿಕ್ ಬೆಲ್ 2018ರಲ್ಲಿ ಮಂಡಿಸಿದ ವಾದದಂತೆ, ಕ್ಷೀರಪಥವೂ ಆಂಡ್ರೊಮಿಡಾವೂ ಸೇರಿದ ಗೆಲಾಕ್ಸಿಗಳ ಬಳಗದಲ್ಲಿ ಮೂರನೆಯ ದೊಡ್ಡದಾಗಿದ್ದ ಒಂದನ್ನು ಆಂಡ್ರೊಮಿಡಾ ಸುಮಾರು 200 ಕೋಟಿ ವರ್ಷಗಳ ಹಿಂದೆ ನುಂಗಿತು. ಅದರ ಗಟ್ಟಿ ತಿರುಳಷ್ಟೇ ಉಳಿದು ಇಂದು ಎಂ32 ಆಗಿ ಕಾಣುತ್ತಿದೆ. ಚಿಕ್ಕ ದೂರದರ್ಶಕದಲ್ಲಿ ಊದಿದ ನಕ್ಷತ್ರದಂತೆ ತೋರುವ ಆ ಚುಕ್ಕೆಗೆ ಇಂಥದೊಂದು ಚರಿತ್ರೆ ಇರಬಹುದೆಂಬುದು ನೋಟಕ್ಕೆ ಬೇರೆಯೇ ತೂಕ ಕೊಡುತ್ತದೆ.

ನಕ್ಷತ್ರಗಳಾಚೆ ಅನಿಲವಿದೆ. ಆಂಡ್ರೊಮಿಡಾದ ಹಿಂದೆ ಬಹುದೂರದಲ್ಲಿರುವ 43 ಕ್ವೇಸಾರುಗಳ, ಎಂದರೆ ಕೃಷ್ಣರಂಧ್ರಗಳ ಶಕ್ತಿಯಿಂದ ಪ್ರಖರವಾಗಿ ಬೆಳಗುವ ಗೆಲಾಕ್ಸಿ ಕೇಂದ್ರಗಳ, ಅತಿನೇರಳೆ ಬೆಳಕು ನಡುದಾರಿಯಲ್ಲಿ ಎಷ್ಟು ಹೀರಲ್ಪಟ್ಟಿದೆ ಎಂಬುದನ್ನು ಹಬಲ್ ಬಾಹ್ಯಾಕಾಶ ದೂರದರ್ಶಕದಿಂದ ಅಳೆದು 2020ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅದರ ವಿರಳ ಅನಿಲದ ಪರಿವೇಷ 13 ಲಕ್ಷ ಜ್ಯೋತಿರ್ವರ್ಷದವರೆಗೆ, ಕೆಲವು ದಿಕ್ಕುಗಳಲ್ಲಿ 20 ಲಕ್ಷದವರೆಗೂ ಹಬ್ಬಿದೆ. ಕ್ಷೀರಪಥಕ್ಕೂ ಅಂಥದೇ ಪರಿವೇಷವಿದ್ದರೆ ಎರಡರ ಹೊರ ಅಂಚುಗಳು ಈಗಾಗಲೇ ಪರಸ್ಪರ ತಾಗಿರಬೇಕು.

ಇಷ್ಟು ಪರಿಶೀಲನೆಗೆ ಒಳಗಾದ ಆಕಾಶದ ಈ ಮೂಲೆಯಲ್ಲಿ ಹವ್ಯಾಸಿಗಳಿಗೆ ಕೆಲಸ ಉಳಿದಿಲ್ಲವೆಂದು ಹೇಳುವಂತಿಲ್ಲ. ಆಮ್ಲಜನಕದ ಅಯಾನುಗಳು ಸೂಸುವ ನೀಲಿ-ಹಸಿರು ಬೆಳಕನ್ನಷ್ಟೇ ಹಾಯಿಸುವ ಶೋಧಕದ ಮೂಲಕ ನೂರಕ್ಕೂ ಹೆಚ್ಚು ಗಂಟೆ ಚಿತ್ರ ತೆಗೆದ ಯಾನ್ ಸೆಂಟಿ, ಮಾರ್ಸೆಲ್ ಡ್ರೆಕ್ಸ್ಲರ್ ಮತ್ತು ಕ್ಸೇವಿಯರ್ ಸ್ಟ್ರಾಟ್ನರ್ ಎಂಬ ಹವ್ಯಾಸಿಗಳು ಆಂಡ್ರೊಮಿಡಾದ ಆಗ್ನೇಯಕ್ಕೆ ಬಾಗಿದ ದೊಡ್ಡ ಅನಿಲ ಚಾಪವೊಂದನ್ನು ಪತ್ತೆಹಚ್ಚಿದರು. ಅದರ ವರದಿ 2023ರ ಜನವರಿಯಲ್ಲಿ ಪ್ರಕಟವಾಯಿತು. ಚಾಪ ಆಂಡ್ರೊಮಿಡಾಕ್ಕೆ ಸೇರಿದ್ದೇ ಅಥವಾ ನಮ್ಮ ಕ್ಷೀರಪಥದಲ್ಲಿದ್ದು ಅದೇ ದಿಕ್ಕಿನಲ್ಲಿ ಕಾಣುತ್ತಿದೆಯೇ ಎಂಬ ಚರ್ಚೆ ಆಮೇಲೆ ನಡೆದಿದೆ. ಶತಮಾನಕ್ಕೂ ಹೆಚ್ಚು ಕಾಲ ಛಾಯಾಚಿತ್ರ ತೆಗೆಸಿಕೊಂಡ ಗೆಲಾಕ್ಸಿಯ ಮಗ್ಗುಲಲ್ಲೇ ಇಷ್ಟು ದೊಡ್ಡ ರಚನೆ ಅಡಗಿತ್ತೆಂಬುದು ಎಲ್ಲರಿಗೂ ಪಾಠ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೂ ಈ ಗೆಲಾಕ್ಸಿಗೂ ನೇರ ನಂಟಿದೆ. 2015ರ ಸೆಪ್ಟೆಂಬರಿನಲ್ಲಿ ಉಡಾವಣೆಗೊಂಡ ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಆ ಸಂಸ್ಥೆಯ ಮುಂದಾಳತ್ವದಲ್ಲಿ, ಕೆನಡಾದ ಸಹಭಾಗಿತ್ವದಿಂದ ಸಿದ್ಧವಾದ ಅತಿನೇರಳೆ ದೂರದರ್ಶಕವಿದ್ದು, ಅದು ಆಂಡ್ರೊಮಿಡಾವನ್ನು ಭಾಗಭಾಗವಾಗಿ ಚಿತ್ರಿಸಿದೆ. ಬಿಸಿಯಾದ ಎಳೆಯ ನಕ್ಷತ್ರಗಳು ಅತಿನೇರಳೆಯಲ್ಲಿ ಹೆಚ್ಚು ಬೆಳಗುವುದರಿಂದ ಹೊಸ ನಕ್ಷತ್ರಗಳು ಎಲ್ಲಿ ಹುಟ್ಟುತ್ತಿವೆಯೆಂದು ಆ ಚಿತ್ರಗಳು ತೋರಿಸುತ್ತವೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿದ್ದು ಹೊಸಕೋಟೆಯ ಕೇಂದ್ರದಿಂದ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕ, ಪಕ್ಕದ ಗ್ರೋತ್-ಇಂಡಿಯಾ ದೂರದರ್ಶಕ ಇವೆರಡೂ ಆಂಡ್ರೊಮಿಡಾದ ನವ್ಯಗಳ ಬೆನ್ನುಹತ್ತಿವೆ. ಮುದಿ ನಕ್ಷತ್ರದ ಸಾಂದ್ರ ಅವಶೇಷವಾದ ಶ್ವೇತಕುಬ್ಜವು ಜೊತೆಗಾರ ನಕ್ಷತ್ರದಿಂದ ಅನಿಲ ಸೆಳೆದು, ಅದು ಮೇಲ್ಮೈಯಲ್ಲಿ ಒಟ್ಟುಗೂಡಿ ಸಿಡಿಯುವುದಕ್ಕೆ ನವ್ಯ ಎನ್ನುತ್ತಾರೆ. ಸಾಮಾನ್ಯವಾಗಿ ಎರಡು ಸ್ಫೋಟಗಳ ನಡುವೆ ಸಾವಿರಾರು ವರ್ಷ ಸಂದರೆ, ಆಂಡ್ರೊಮಿಡಾದಲ್ಲಿ 2008ರಲ್ಲಿ ಪತ್ತೆಯಾದ ಒಂದು ನವ್ಯ ಹೆಚ್ಚುಕಡಿಮೆ ಪ್ರತಿ ವರ್ಷ ಸಿಡಿಯುತ್ತದೆ. ಅದರ ಶ್ವೇತಕುಬ್ಜದ ರಾಶಿ ಚಂದ್ರಶೇಖರ್ ಮಿತಿಯ, ಅಂದರೆ ಸೂರ್ಯನ ರಾಶಿಯ 1.4 ಪಟ್ಟಿನ, ಅಂಚಿಗೆ ಬಂದು ನಿಂತಿದೆ. ಅದರ ಒಂದೊಂದು ಸ್ಫೋಟವೂ ಕೆಲವೇ ದಿನಗಳಲ್ಲಿ ಮಂಕಾಗಿಬಿಡುವುದರಿಂದ ಭೂಮಿಯ ಬೇರೆಬೇರೆ ರೇಖಾಂಶಗಳಿಂದ ಎಡೆಬಿಡದೆ ಕಾಯಬೇಕಾಗುತ್ತದೆ, ಆ ಕಾವಲಿನಲ್ಲಿ ಹಾನ್ಲೆಯ ಸ್ಥಾನ ಮುಖ್ಯವಾದದ್ದು.

ಸ್ಲೈಫರ್ ಅಳೆದ ವೇಗದಲ್ಲಿ ಸೂರ್ಯ ಕ್ಷೀರಪಥದ ಕೇಂದ್ರವನ್ನು ಸುತ್ತುವ ಚಲನೆಯೂ ಬೆರೆತಿದೆ. ಅದನ್ನು ಕಳೆದರೆ ಎರಡು ಗೆಲಾಕ್ಸಿಗಳು ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ಒಂದನ್ನೊಂದು ಸಮೀಪಿಸುತ್ತಿವೆ. ಸುಮಾರು 400 ಕೋಟಿ ವರ್ಷಗಳಲ್ಲಿ ಅವು ನೇರವಾಗಿ ಡಿಕ್ಕಿಯಾಗುತ್ತವೆ ಎಂದು 2012ರಲ್ಲಿ ಹಬಲ್ ಅಳತೆಗಳ ಆಧಾರದಲ್ಲಿ ಘೋಷಿಸಲಾಗಿತ್ತು, ಅದು ಪಠ್ಯಪುಸ್ತಕದ ಮಾತಾಗುವಷ್ಟು ಪ್ರಚಾರ ಪಡೆದಿತ್ತು. ಆದರೆ ತ್ರಿಕೋಣ ಪುಂಜದಲ್ಲಿರುವ ಎಂ33 ಸುರುಳಿ ಗೆಲಾಕ್ಸಿಯ ಮತ್ತು ಕ್ಷೀರಪಥದ ಉಪಗ್ರಹವಾದ ದೊಡ್ಡ ಮೆಗೆಲಾನಿಕ್ ಮೋಡದ ಸೆಳೆತವನ್ನೂ ಅಳತೆಗಳ ಅನಿಶ್ಚಯವನ್ನೂ ಲೆಕ್ಕಕ್ಕೆ ತೆಗೆದುಕೊಂಡ 2025ರ ಅಧ್ಯಯನದಲ್ಲಿ, ಮುಂದಿನ 1,000 ಕೋಟಿ ವರ್ಷಗಳಲ್ಲಿ ಅವು ಕೂಡಿಕೊಳ್ಳುವ ಸಂಭವ ಶೇ. 50ರ ಆಸುಪಾಸಿನಲ್ಲಿದೆ ಎಂದು ಬಂದಿದೆ. ನೆರೆಯ ಚಿಕ್ಕ ಗೆಲಾಕ್ಸಿಯೊಂದನ್ನು ಬಿಟ್ಟು ಮಾಡಿದ ಲೆಕ್ಕ ಇಲ್ಲಿಯೂ ನಿಲ್ಲಲಿಲ್ಲ.

ಈ ಎಲ್ಲದರ ಮೂಲವಾದ ಆ ಬೂದು ಕಲೆ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳ ನಡುಭಾಗದಿಂದ ಇಂದು ಬರಿಗಣ್ಣಿಗೆ ಕಾಣುವುದಿಲ್ಲ. ಮೇಲ್ಮೈ ಹೊಳಪು ಕಡಿಮೆಯಿರುವ ವಸ್ತುಗಳೇ ಬೆಳಕಿನ ಮಾಲಿನ್ಯಕ್ಕೆ ಮೊದಲು ಬಲಿಯಾಗುತ್ತವೆ. ಬೀದಿದೀಪಗಳ ಬೆಳಕು ಮೇಲಕ್ಕೆ ಚೆಲ್ಲದೆ ನೆಲಕ್ಕಷ್ಟೇ ಬೀಳುವಂತೆ ಮರೆ ಅಳವಡಿಸುವುದು ಕಷ್ಟದ ತಂತ್ರಜ್ಞಾನವಲ್ಲ, ವಿದ್ಯುತ್ತಿನ ಉಳಿತಾಯವೂ ಅದರಿಂದ ಆಗುತ್ತದೆ; ನಗರಸಭೆಗಳೂ ಗ್ರಾಮ ಪಂಚಾಯಿತಿಗಳೂ ದೀಪ ಬದಲಾಯಿಸುವಾಗ ಇದನ್ನು ಕಡ್ಡಾಯ ಮಾಡಬೇಕು. ಓದುಗರು ಅದಕ್ಕಾಗಿ ಕಾಯಬೇಕಿಲ್ಲ. ನವೆಂಬರ್ ಅಥವಾ ಡಿಸೆಂಬರಿನ ಅಮಾವಾಸ್ಯೆಯ ಆಸುಪಾಸಿನಲ್ಲಿ ಊರಾಚೆಯ ಕತ್ತಲ ಜಾಗಕ್ಕೆ ಒಂದು ಬೈನಾಕ್ಯುಲರ್ ಕೊಂಡೊಯ್ದು, ಮೊಬೈಲ್ ಪರದೆಯನ್ನು ಅರ್ಧ ಗಂಟೆ ಮುಟ್ಟದೆ ಉತ್ತರಾಭಾದ್ರೆಯಿಂದ ಹುಡುಕಲು ತೊಡಗಿದರೆ ಆಂಡ್ರೊಮಿಡಾ ಸಿಕ್ಕೇ ಸಿಗುತ್ತದೆ. ಮಕ್ಕಳನ್ನೂ ಜೊತೆಗೆ ಕರೆದೊಯ್ಯಿರಿ.